ನಗೆಗೀಡಾದ ಒಂದು ಯಂತ್ರ: ರಿಲಯಂಟ್ ಮೋಟಾರಿನ ಚರಿತ್ರೆ

ಧಾರವಾಡದ ಸಪ್ತಾಪುರದಲ್ಲಿ, ನಾನು ಕಾಲೇಜಿಗೆ ಹೋಗುವ ದಾರಿಯಲ್ಲಿ, ಹಳೆಯ ಮನೆಯೊಂದರ ಅಂಗಳದ ಹುಣಿಸೆಮರದ ಕೆಳಗೆ ಬಹುಕಾಲ ಒಂದು ಪುಟ್ಟ ಮೋಟಾರು ಗಾಡಿ ನಿಂತಿದ್ದಿತು. ಅದಕ್ಕೆ ಎರಡೇ ಬಾಗಿಲು. ಬಣ್ಣ ಮಾಸಿದ್ದಿತು, ಗಾಲಿಗಳು ಗಾಳಿಯಿಲ್ಲದೆ ನೆಲಕ್ಕೆ ಕುಸಿದಿದ್ದವು. ಆದರೂ ಧಾರವಾಡದ ಎಷ್ಟೋ ಮಳೆಗಾಲಗಳನ್ನು ಕಂಡ ಅದರ ಮೈಗೆ ತುಕ್ಕೆಂಬುದು ಸೋಂಕಿರಲಿಲ್ಲ. ಒಂದು ದಿನ ನನ್ನೊಡನೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಅದನ್ನು ಬೆರಳಿನಿಂದ ತಟ್ಟಿ ನೋಡಿ, “ಸರ, ಇದು ಪ್ಲಾಸ್ಟಿಕ್ ಗಾಡಿ ಐತ್ರಿ” ಎಂದು ನಕ್ಕನು. ನಾನೂ ನಕ್ಕೆನು. ಆ ನಗೆ ನ್ಯಾಯವಾದುದೇ ಎಂಬುದನ್ನು ವಿಚಾರಿಸುವುದೇ ಇಂದಿನ ಭಾಷಣದ ಉದ್ದೇಶ.

ಆ ಗಾಡಿಯ ಹೆಸರು ಡಾಲ್ಫಿನ್. ಅದನ್ನು ಕಟ್ಟಿದವರು ಬೆಂಗಳೂರಿನ ಸಿಪಾನಿ ಕಾರ್ಖಾನೆಯವರು. ಆದರೆ ಅದರ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರ್ ಪ್ರಾಂತದ ಟ್ಯಾಮ್‌ವರ್ತ್ ಎಂಬ ಸಣ್ಣ ಊರನ್ನು ಮುಟ್ಟುತ್ತೇವೆ.

ನಮ್ಮ ಹಿರಿಯರಿಗೆ ರ‍್ಯಾಲಿ ಸೈಕಲ್ಲು ಚಿರಪರಿಚಿತ. ನಾಟಿಂಗ್‌ಹ್ಯಾಮಿನ ಆ ಕಂಪನಿಯು ಒಂದು ಕಾಲಕ್ಕೆ ಮೂರು ಗಾಲಿಯ ಮೋಟಾರುಗಳನ್ನೂ ಮಾಡುತ್ತಿದ್ದಿತು. ಆ ವ್ಯವಹಾರವನ್ನು ಕೈಬಿಡಲು ಕಂಪನಿಯು ನಿರ್ಧರಿಸಿದಾಗ, ಅಲ್ಲಿ ಕೆಲಸಕ್ಕಿದ್ದ ಟಾಮ್ ವಿಲಿಯಮ್ಸ್ ಎಂಬಾತನು ಮಾತ್ರ ಆ ವಿಚಾರವನ್ನು ಕೈಬಿಡಲಿಲ್ಲ. ತನ್ನ ಮನೆಯ ಹಿತ್ತಲಿನಲ್ಲಿಯೇ ಗೆಳೆಯನೊಬ್ಬನ ನೆರವಿನಿಂದ ಮಾದರಿ ಗಾಡಿಯೊಂದನ್ನು ಕಟ್ಟಿ, ೧೯೩೫ರಲ್ಲಿ ಮಾರಾಟಕ್ಕೆ ತೊಡಗಿದನು. ಅದಕ್ಕೆ ರಿಲಯಂಟ್ ಎಂಬ ಹೆಸರಾಯಿತು. ಬಳಸಿದ ರ‍್ಯಾಲಿ ಬಿಡಿಭಾಗಗಳ ಮೇಲೆ ‘ಆರ್’ ಎಂಬ ಅಕ್ಷರವು ಮೊದಲೇ ಒತ್ತಲ್ಪಟ್ಟಿದ್ದರಿಂದ, ಅದೇ ಅಕ್ಷರದಿಂದ ಆರಂಭವಾಗುವ ಹೆಸರನ್ನು ಆರಿಸಿದರೆಂದು ಹೇಳುತ್ತಾರೆ. ಮಿತವ್ಯಯವು ಈ ಸಂಸ್ಥೆಯ ಹುಟ್ಟುಗುಣವೆಂದಾಯಿತು.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿಯನ್ನು ನೆನೆಯಬೇಕು. ಅದೇ ೧೯೩೫ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಮೋಟಾರು ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಗಾಗಿ ಯೂರೋಪು, ಅಮೆರಿಕಗಳನ್ನು ಸುತ್ತುತ್ತಿದ್ದರು. ಮೈಸೂರು ಸರಕಾರವು ನೆರವಿಗೆ ಮುಂದಾಗಿದ್ದರೂ ಬ್ರಿಟಿಷ್ ಭಾರತ ಸರಕಾರದ ಸಹಕಾರವು ದೊರೆಯದೆ ಆ ಯೋಜನೆಯು ಮೈಸೂರಿನಲ್ಲಿ ಫಲಿಸಲಿಲ್ಲ. ಮಹಾ ಬಂಡವಾಳವನ್ನೂ ಸರಕಾರದ ಅನುಮತಿಯನ್ನೂ ಬೇಡುವ ಮಾರ್ಗ ಒಂದು. ಹಿತ್ತಲಿನಲ್ಲಿ ಕೈಗೆ ಸಿಕ್ಕಿದ್ದರಿಂದ ಕಟ್ಟುವ ಮಾರ್ಗ ಇನ್ನೊಂದು. ರಿಲಯಂಟಿನ ಚರಿತ್ರೆಯು ಈ ಎರಡನೆಯ ಮಾರ್ಗದ ಚರಿತ್ರೆ.

ಆರಂಭದಲ್ಲಿ ಕೊಂಡು ತಂದ ಮೋಟಾರು ಸೈಕಲ್ಲಿನ ಇಂಜಿನನ್ನೂ, ಅನಂತರ ಆಸ್ಟಿನ್ ಸೆವೆನ್ ಕಾರಿನ ೭೪೭ ಘನ ಸೆಂಟಿಮೀಟರಿನ ಇಂಜಿನನ್ನೂ ವಿಲಿಯಮ್ಸನು ಬಳಸಿದನು. ೧೯೩೯ರಲ್ಲಿ ಆಸ್ಟಿನ್ ಕಂಪನಿಯು ಆ ಇಂಜಿನನ್ನು ಮಾಡುವುದನ್ನೇ ನಿಲ್ಲಿಸಿತು. ಬೇರೆಯವನಾಗಿದ್ದರೆ ಅಂಗಡಿ ಮುಚ್ಚುತ್ತಿದ್ದನೋ ಏನೋ. ವಿಲಿಯಮ್ಸನು ಹೆಚ್ಚುಕಡಿಮೆ ಅದನ್ನೇ ಹೋಲುವ ಇಂಜಿನನ್ನು ತನ್ನ ಕಾರ್ಖಾನೆಯಲ್ಲಿಯೇ ತಯಾರಿಸತೊಡಗಿದನು. ಪರಾವಲಂಬನದಿಂದ ಸ್ವಾವಲಂಬನಕ್ಕೆ ಇಟ್ಟ ಹೆಜ್ಜೆಯಿದು.

ಮೂರೇ ಗಾಲಿಗಳೇಕೆಂದು ತಾವು ಕೇಳಬಹುದು. ಅದು ಇಂಗ್ಲೆಂಡಿನ ಕಾಯಿದೆಯ ಫಲ. ನಿಯಮಿತ ತೂಕದೊಳಗಿನ, ಅಂದರೆ ಬಹುಕಾಲ ಎಂಟು ಹಂಡ್ರೆಡ್‌ವೇಟ್, ಸುಮಾರು ೪೦೬ ಕಿಲೋಗ್ರಾಂ ಮೀರದ ತ್ರಿಚಕ್ರ ಗಾಡಿಗೆ ತೆರಿಗೆ ಕಡಿಮೆ. ಮೋಟಾರು ಸೈಕಲ್ಲಿನ ಲೈಸೆನ್ಸ್ ಇದ್ದವನು ಅದನ್ನು ನಡೆಸಬಹುದಾಗಿತ್ತು. ಗಣಿಯ ಕೂಲಿಕಾರನೂ ಕಾರ್ಖಾನೆಯ ಕೆಲಸಗಾರನೂ ಹೆಂಡಿರು ಮಕ್ಕಳನ್ನು ಮಳೆಯಲ್ಲಿ ನೆನೆಯದಂತೆ ಕರೆದೊಯ್ಯಲು ಇದೊಂದು ಉಪಾಯ. ಆದ್ದರಿಂದ ಪ್ರತಿಯೊಂದು ಸೇರು ಭಾರವನ್ನೂ ಇಳಿಸುವುದೇ ಅಲ್ಲಿನ ಇಂಜಿನಿಯರರ ವ್ರತವಾಯಿತು.

ಆ ವ್ರತದಿಂದ ಎರಡು ಫಲಗಳು ದೊರೆತವು. ಮೊದಲನೆಯದು ಗಾಜಿನ ನಾರಿನ ಮೈ. ಉಕ್ಕಿನ ತಗಡನ್ನು ಒತ್ತಿ ಕಾರಿನ ಮೈ ಮಾಡಬೇಕಾದರೆ ಭಾರಿ ಯಂತ್ರಗಳೂ ಬೆಲೆಬಾಳುವ ಅಚ್ಚುಗಳೂ ಬೇಕು. ಸಾವಿರಾರು ಕಾರುಗಳು ಮಾರಾಟವಾದ ಹೊರತು ಆ ವೆಚ್ಚವು ಹುಟ್ಟದು. ಗಾಜಿನ ನಾರಿನ ಹಾಸನ್ನು ಅಚ್ಚಿನಲ್ಲಿಟ್ಟು ರಾಳವನ್ನು ಬಳಿದು ಒಣಗಿಸುವುದಕ್ಕೆ ಅಷ್ಟು ಬಂಡವಾಳ ಬೇಡ. ೧೯೫೬ರ ಹೊತ್ತಿಗೆ ರೀಗಲ್ ಎಂಬ ಅವರ ಗಾಡಿಯ ಮೈಯೆಲ್ಲ ಈ ಹಗುರ ವಸ್ತುವಿನದೇ ಆಯಿತು. ಎರಡನೆಯದು ೧೯೬೨ರಲ್ಲಿ ಬಂದ, ಪೂರ್ತಿ ಅಲ್ಯೂಮಿನಿಯಮ್ ಮಿಶ್ರಲೋಹದ ೫೯೮ ಘನ ಸೆಂಟಿಮೀಟರಿನ ಇಂಜಿನು. ಬ್ರಿಟನ್ನಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾದ ಇಂಥ ಇಂಜಿನುಗಳಲ್ಲಿ ಇದೇ ಮೊದಲಿನದೆಂಬ ಕೀರ್ತಿ ಅದಕ್ಕಿದೆ. ಬಡವನ ಗಾಡಿಯಲ್ಲಿಯೂ ಹೊಸತನ ಬಂದಿತು.

ಆದರೆ ಲೋಕವು ನೆನಪಿಟ್ಟದ್ದು ಬೇರೊಂದನ್ನು. ೧೯೭೩ರಲ್ಲಿ ಬಂದ ರಾಬಿನ್ ಎಂಬ ಗಾಡಿಯು ತಿರುವಿನಲ್ಲಿ ಮಗುಚುವುದೆಂಬ ಹಾಸ್ಯವು ಮನೆಮಾತಾಯಿತು. ಮುಂದೆ ಒಂದೇ ಗಾಲಿಯಿರುವ ಗಾಡಿಯನ್ನು ತಿರುವಿನಲ್ಲಿ ಎಚ್ಚರದಿಂದ ನಡೆಸಬೇಕೆಂಬುದು ನಿಜ. ಆ ದೋಷವನ್ನು ಮರೆಮಾಚಬೇಕಿಲ್ಲ. ಆದರೆ ೨೦೧೦ರಲ್ಲಿ ಟಾಪ್ ಗೇರ್ ಎಂಬ ದೂರದರ್ಶನ ಕಾರ್ಯಕ್ರಮದಲ್ಲಿ ರಾಬಿನ್ ಗಾಡಿಯು ಹೆಜ್ಜೆಹೆಜ್ಜೆಗೂ ಉರುಳಿ ಬಿದ್ದಾಗ ಜಗತ್ತೇ ನಕ್ಕಿತು. ಗಾಡಿಯು ಸುಲಭವಾಗಿ ಉರುಳಲೆಂದೇ ಅದರ ಯಂತ್ರಭಾಗವನ್ನು ಬದಲಿಸಿದ್ದೆವೆಂದು ಅದನ್ನು ನಡೆಸಿಕೊಟ್ಟ ಜೆರೆಮಿ ಕ್ಲಾರ್ಕ್‌ಸನ್ ಅವರೇ ಬಳಿಕ ಒಪ್ಪಿಕೊಂಡರು. ನಗೆ ಹಬ್ಬಿದಷ್ಟು ದೂರ ಒಪ್ಪಿಗೆ ಹಬ್ಬಲಿಲ್ಲ. ಇದೇ ಸಂಸ್ಥೆಯು ೧೯೬೮ರಲ್ಲಿ ಸಿಮಿಟರ್ ಜಿ.ಟಿ.ಇ. ಎಂಬ ವೇಗದ ಕಾರನ್ನು ಮಾಡಿತೆಂಬುದನ್ನೂ, ರಾಜಕುಮಾರಿ ಆ್ಯನ್ ಅದನ್ನು ಮೆಚ್ಚಿ ನಡೆಸಿದಳೆಂಬುದನ್ನೂ ಬಲ್ಲವರು ಕಡಿಮೆ.

ಹೊರದೇಶಗಳು ರಿಲಯಂಟನ್ನು ಬೇರೆ ಕಣ್ಣಿನಿಂದ ನೋಡಿದವು. ಬಂಡವಾಳ ಕಡಿಮೆ, ಆಸೆ ಹೆಚ್ಚು ಎಂಬ ದೇಶಗಳಿಗೆ ಟ್ಯಾಮ್‌ವರ್ತಿನ ವಿದ್ಯೆಯೇ ಬೇಕಾಗಿದ್ದಿತು. ಇಸ್ರೇಲಿನ ಸುಸಿತಾ, ಟರ್ಕಿಯಲ್ಲಿ ೧೯೬೬ರಲ್ಲಿ ಬಂದ ಆನಾಡೋಲ್, ಇವೆರಡೂ ರಿಲಯಂಟಿನ ನೆರವಿನಿಂದ ಹುಟ್ಟಿದವು. ಬೆಂಗಳೂರಿನ ಸಿಪಾನಿಯವರು ೧೯೭೦ರ ದಶಕದಲ್ಲಿ ಬಾದಲ್ ಎಂಬ ಮೂರು ಗಾಲಿಯ ಗಾಡಿಯಿಂದ ಆರಂಭಿಸಿದವರು. ರಿಲಯಂಟಿನವರು ೧೯೭೫ರಿಂದ ಮಾಡುತ್ತಿದ್ದ ಕಿಟನ್ ಎಂಬ ನಾಲ್ಕು ಗಾಲಿಯ ಕಾರನ್ನು ೧೯೮೨ರಲ್ಲಿ ನಿಲ್ಲಿಸಿದರು. ಅದೇ ಕಾರು ಬೆಂಗಳೂರಿನಲ್ಲಿ ಡಾಲ್ಫಿನ್ ಆಗಿ ಮರುಹುಟ್ಟು ಪಡೆಯಿತು. ಆ ಅಲ್ಯೂಮಿನಿಯಮ್ ಇಂಜಿನೇ ೮೪೮ ಘನ ಸೆಂಟಿಮೀಟರಿಗೆ ಬೆಳೆದು ಅದರಲ್ಲಿದ್ದಿತು. ಹಗುರವಾದ ಆ ಗಾಡಿಯು ರ‍್ಯಾಲಿ ಪಂದ್ಯಗಳಲ್ಲಿ ಹೆಸರು ಮಾಡಿತು.

ಅದರ ಭಾಗ್ಯ ಮಾತ್ರ ಕಿರಿದು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದಿತು. ಅದರ ಹಿಂದೆ ಸರಕಾರದ ಬಲವೂ ಜಪಾನಿನ ಸುಜುಕಿಯವರ ವಿದ್ಯೆಯೂ ಇದ್ದವು. ಉಕ್ಕಿನ ಮೈ, ನಾಲ್ಕು ಬಾಗಿಲು. ಸಿಪಾನಿಯವರು ಮಾಂಟಾನಾ ಎಂಬ ನಾಲ್ಕು ಬಾಗಿಲಿನ ಗಾಡಿಯನ್ನು ತಂದರೂ ಸರಿಸಾಟಿಯಾಗಲಿಲ್ಲ. ಅತ್ತ ಟ್ಯಾಮ್‌ವರ್ತಿನ ಸಂಸ್ಥೆಯೂ ಕೈ ಬದಲಾಯಿಸುತ್ತ ಹೋಗಿ, ಹೊಸ ಶತಮಾನದ ಆರಂಭದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸಿತು.

ಗೆದ್ದವರ ಯಂತ್ರವು ಉತ್ತಮವಾಗಿದ್ದಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೋತದ್ದೆಲ್ಲವೂ ಹಾಸ್ಯಾಸ್ಪದವಲ್ಲ. ಇಲ್ಲದಿರುವುದನ್ನು ಲೆಕ್ಕಕ್ಕೆ ಹಿಡಿದು, ಇರುವುದರಿಂದ ಕಟ್ಟುವುದೂ ಒಂದು ಇಂಜಿನಿಯರಿಂಗ್ ವಿದ್ಯೆಯೇ. ನಮ್ಮಂಥ ನಾಡಿಗೆ ಅದರ ನೆನಪು ಹೆಚ್ಚು ಅವಶ್ಯಕ. ಸಪ್ತಾಪುರದ ಆ ಅಂಗಳ ಈಗ ಬರಿದಾಗಿದೆ. ಆ ವಿದ್ಯಾರ್ಥಿಯು ಗಾಡಿಯನ್ನು ತಟ್ಟಿದಾಗ ನಾನು ನಗದೆ, ಅದಕ್ಕೇಕೆ ತುಕ್ಕು ಹಿಡಿದಿಲ್ಲವೆಂದು ಕೇಳಬೇಕಾಗಿತ್ತು. ಆ ಪ್ರಶ್ನೆಯನ್ನು ಇಂದು ತಮ್ಮ ಮುಂದಿಟ್ಟು ನನ್ನ ಮಾತನ್ನು ಮುಗಿಸುತ್ತೇನೆ.