ಗಾರೆ ಹೋಯಿತು, ಗಾರೆ ಕೆಲಸ ಉಳಿಯಿತು



ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಮನೆ ಕಟ್ಟುವವರನ್ನು ಇಂದಿಗೂ ‘ಗಾರೆ ಕೆಲಸದವರು’ ಎಂದೇ ಕರೆಯುತ್ತೇವೆ. ಅವರ ಬಾಣಲಿಯಲ್ಲಿ ಈಗಿರುವುದು ಗಾರೆಯಲ್ಲ, ಸಿಮೆಂಟು. ವಸ್ತು ಮರೆಯಾಗಿ ಹೆಸರು ಮಾತ್ರ ಉಳಿದಿರುವ ಈ ಪದದಲ್ಲಿ ಒಂದು ಚರಿತ್ರೆಯೇ ಅಡಗಿದೆ. ರಾಜರ ಚರಿತ್ರೆಯನ್ನು ನಿಮಗೆ ತರಗತಿಯಲ್ಲಿ ಸಾಕಷ್ಟು ಹೇಳಿದ್ದೇನೆ. ಈ ಸಲ ಗೋಡೆಯ ಚರಿತ್ರೆಯನ್ನು ಹೇಳಬೇಕೆನಿಸಿದೆ. ಊರಿನ ಹಳೆಯ ಮನೆಯನ್ನು ಉಳಿಸಿಕೊಳ್ಳುವುದೋ ಕೆಡವುವುದೋ ಎಂಬ ಚರ್ಚೆ ನಮ್ಮ ಬಂಧುಗಳ ಹಲವು ಕುಟುಂಬಗಳಲ್ಲಿ ನಡೆಯುತ್ತಿದೆ. ‘ಗೋಡೆಗೆ ತೇವ ಹಿಡಿದಿದೆ’ ಎಂಬ ಒಂದೇ ಮಾತಿನಿಂದ ಆ ಚರ್ಚೆ ಮುಗಿದುಹೋಗುವುದನ್ನೂ ಕಂಡಿದ್ದೇನೆ.

ನಮ್ಮದು ಮಲೆನಾಡಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿದರೆ ನಮ್ಮ ಜಿಲ್ಲೆಗೆ ಸಿಗುವುದು ಸುಮಾರು 600ರಿಂದ 700 ಮಿಲಿಮೀಟರು ಮಾತ್ರ. ಆದರೆ ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಬಂದುಬಿಡುತ್ತದೆ. ಗಾಳಿಯೊಡನೆ ಬಂದ ಮಳೆ ಗೋಡೆಗೆ ಇರಚಲು ಹೊಡೆಯುತ್ತದೆ. ಮಣ್ಣಿನ ಗೋಡೆಗೆ ನಿಜವಾದ ಶತ್ರು ಈ ಇರಚಲು. ಇನ್ನೊಂದು ಶತ್ರು, ಸೂರಿನಿಂದ ಬಿದ್ದ ನೀರು ನೆಲಕ್ಕೆ ಅಪ್ಪಳಿಸಿ ಗೋಡೆಯ ಬುಡಕ್ಕೆ ಸಿಡಿಯುವುದು. ಮೂರನೆಯದು, ನೆಲದ ತೇವ ತಳಪಾಯದ ಮೂಲಕ ಮೇಲಕ್ಕೆ ಏರುವುದು.

ಹಿಂದಿನವರು ಈ ಮೂರನ್ನೂ ಬಲ್ಲವರಾಗಿದ್ದರು. ನಮ್ಮ ಕಡೆಯ ಹಳೆಯ ಮನೆಯನ್ನು ನೆನಪಿಸಿಕೊಳ್ಳಿ. ತಳಪಾಯ ಕಲ್ಲಿನದು, ಅದು ನೆಲದಿಂದ ಎರಡು ಮೂರು ಅಡಿ ಮೇಲೆದ್ದ ನಂತರವೇ ಮಣ್ಣಿನ ಗೋಡೆ ಅಥವಾ ಹಸಿ ಇಟ್ಟಿಗೆಯ ಗೋಡೆ ಆರಂಭವಾಗುತ್ತಿತ್ತು. ಮುಂಭಾಗದಲ್ಲಿ ಜಗಲಿ. ನಾವೆಲ್ಲ ಜಗಲಿಯನ್ನು ಹರಟೆಯ ಸ್ಥಳವೆಂದೇ ಭಾವಿಸಿದ್ದೆವು. ಅದು ಗೋಡೆಯ ಬುಡಕ್ಕೆ ನೀರು ಸಿಡಿಯದಂತೆ ಕಾಯುವ ಕಾವಲುಗಾರನೂ ಆಗಿತ್ತು. ಮೇಲೆ ನಾಡಹೆಂಚಿನ ಇಳಿಜಾರು ಮಾಡು; ಅದರ ಸೂರು ಗೋಡೆಯಿಂದ ಧಾರಾಳವಾಗಿ ಹೊರಚಾಚಿರುತ್ತಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಕಾಲಕ್ರಮದಲ್ಲಿ ಮಂಗಳೂರು ಹೆಂಚು ನಮ್ಮ ಕಡೆಗೂ ಬಂದಿತು. ಹೆಂಚು ಬದಲಾಯಿತೇ ಹೊರತು ಸೂರು ಚಾಚುವ ಪದ್ಧತಿ ಬದಲಾಗಲಿಲ್ಲ. ಇಷ್ಟಾದರೂ ನೆನೆದ ಗೋಡೆಗೆ ಮಣ್ಣು, ಸೆಗಣಿಗಳ ಸಾರಣೆಯಾಗುತ್ತಿತ್ತು. ಹಬ್ಬದ ಹೆಸರಿನಲ್ಲಿ ನಡೆಯುತ್ತಿದ್ದ ಸುಣ್ಣ, ಕೆಮ್ಮಣ್ಣಿನ ಬಳಿತವು ವಾಸ್ತವವಾಗಿ ಗೋಡೆಯ ವಾರ್ಷಿಕ ದುರಸ್ತಿಯೇ ಆಗಿತ್ತು.

ದೇವಾಲಯಗಳಿಗೂ ಅನುಕೂಲಸ್ಥರ ಮನೆಗಳಿಗೂ ಸುಟ್ಟ ಇಟ್ಟಿಗೆ ಮತ್ತು ಗಾರೆ. ಸುಣ್ಣ, ಮರಳುಗಳನ್ನು ಎತ್ತು ಎಳೆಯುವ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಗಾರೆಯನ್ನು ಸಿದ್ಧಪಡಿಸುತ್ತಿದ್ದರು. ಅದು ನಿಧಾನವಾಗಿ, ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಅದರ ದೊಡ್ಡ ಗುಣವೆಂದರೆ, ಒಳಗೆ ಸೇರಿದ ತೇವವು ಬಿಸಿಲು ಬಂದಾಗ ಆವಿಯಾಗಿ ಹೊರಹೋಗಲು ಬಿಡುವುದು. ಗೋಡೆ ನೆನೆಯುತ್ತಿತ್ತು, ಒಣಗುತ್ತಿತ್ತು.

ಆಮೇಲೆ ಸಿಮೆಂಟಿನ ಕಾಲ ಬಂದಿತು. ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿಯೇ, 1958ರಲ್ಲಿ ಸ್ಥಾಪಿತವಾದ ಮೈಸೂರು ಸಿಮೆಂಟ್ಸ್ ಸಂಸ್ಥೆಯ ಕಾರ್ಖಾನೆ ಎದ್ದಿತು. ಸಿಮೆಂಟು ಕೆಟ್ಟದ್ದೆಂದು ನಾನು ಹೇಳಲಾರೆ. ಅಣೆಕಟ್ಟು, ಸೇತುವೆ, ಶಾಲೆಗಳನ್ನು ಅದು ಕಟ್ಟಿದೆ. ಅನರ್ಥವಾದದ್ದು ಅದನ್ನು ಮಣ್ಣಿನ ಮತ್ತು ಗಾರೆಯ ಗೋಡೆಗಳ ಮೇಲೆ ಬಳಿದಾಗ. ಸಿಮೆಂಟಿನ ಗಟ್ಟಿ ಪದರವು ಮಣ್ಣಿನೊಡನೆ ಹಿಗ್ಗಿ ಕುಗ್ಗದು. ಕಾಲಾಂತರದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಇರಚಲಿನ ನೀರು ಬಿರುಕಿನಿಂದ ಒಳಗೆ ಇಳಿಯುತ್ತದೆ, ಹೊರಗೆ ಬರಲು ದಾರಿಯಿರುವುದಿಲ್ಲ. ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಹೀಗೆಯೇ ಆಯಿತು. ಎರಡು ತಲೆಮಾರು ಬಾಳಿದ ಗೋಡೆಗೆ ‘ಭದ್ರವಾಗಲಿ’ ಎಂದು ಸಿಮೆಂಟು ಬಳಿಸಿದರು. ಕೆಲವೇ ಮಳೆಗಾಲಗಳಲ್ಲಿ ಪದರವು ಹಪ್ಪಳದಂತೆ ಎದ್ದು ಬಂದಿತು, ಹಿಂದಿನ ಮಣ್ಣು ಹಿಟ್ಟಾಗಿತ್ತು. ಎಲ್ಲರೂ ದೂರಿದ್ದು ಮಣ್ಣನ್ನು.

ಇದಕ್ಕೆ ವಿಜ್ಞಾನದ ಬೆಂಬಲವೂ ನಮ್ಮ ಜಿಲ್ಲೆಯಿಂದಲೇ ದೊರೆಯಿತೆಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅದರ ಕ್ಷೇತ್ರ ಕೇಂದ್ರವನ್ನು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ತೆರೆದರು. ‘ಅಸ್ತ್ರ ಒಲೆ’ಯ ಹೆಸರನ್ನು ನಿಮ್ಮ ತಾಯಂದಿರು ಕೇಳಿರಬಹುದು. ಅದೇ ಬಳಗದ ಪ್ರೊ. ಕೆ.ಎಸ್. ಜಗದೀಶ್ ಅವರು ಮಣ್ಣಿನ ಮನೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಐದರಿಂದ ಏಳು ಪಾಲಿನಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವು ಬಳಕೆಗೆ ಬಂದಿತು. ಇಟ್ಟಿಗೆ ಸುಡುವ ಸೌದೆ ಉಳಿಯಿತು. ಆದರೆ ಅದು ಮಳೆಯನ್ನು ತಾಳೀತೇ? ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು ಒತ್ತಿದ ಮಣ್ಣಿನ ಇಟ್ಟಿಗೆಗಳ ಮೇಲೆ ನೀರನ್ನು ಸಿಂಪಡಿಸಿ, ಎಷ್ಟು ಸವೆಯುತ್ತದೆಂದು ಅಳೆದು, 1987ರಲ್ಲಿ ಪ್ರಬಂಧ ಪ್ರಕಟಿಸಿದರು. ನಮ್ಮ ಅಜ್ಜಂದಿರು ಕಣ್ಣಳತೆಯಲ್ಲಿ ಮಾಡಿದ್ದನ್ನು ಇವರು ತಕ್ಕಡಿಯಲ್ಲಿಟ್ಟು ಮಾಡಿದರು. ಇಲ್ಲಿ ಸಿಮೆಂಟು ಗೋಡೆಯ ಮೇಲಿನ ಹೊದಿಕೆಯಲ್ಲ, ಮಣ್ಣಿನ ಕಣಗಳ ನಡುವಿನ ಅಂಟು ಎಂಬುದನ್ನು ಗಮನಿಸಬೇಕು.

ಇಂದು ತುಮಕೂರು ನಗರದಲ್ಲಿ ಮೂವತ್ತು ನಲವತ್ತು ಅಡಿಯ ನಿವೇಶನಗಳಲ್ಲಿ ಮನೆಗಳು ಏಳುತ್ತಿವೆ. ಗಡಿಯವರೆಗೂ ಗೋಡೆ ಬಂದ ಮೇಲೆ ಸೂರಿಗೆ ಜಾಗವೆಲ್ಲಿ? ಕಿಟಕಿಯ ಮೇಲಿನ ಚಿಕ್ಕ ಸಜ್ಜಾವನ್ನು ಬಿಟ್ಟರೆ ಗೋಡೆ ಬರಿಮೈಯಲ್ಲಿ ಮಳೆಗೆ ನಿಂತಿರುತ್ತದೆ. ಬಳಿಕ ಡಬ್ಬಿಗಟ್ಟಲೆ ಬಣ್ಣ, ನೀರು ನಿರೋಧಕ ದ್ರಾವಣಗಳನ್ನು ಬಳಿಸುತ್ತೇವೆ. ಛತ್ರಿಯನ್ನು ಮಾರಿ ಔಷಧ ಕೊಂಡಂತೆ ಇದು.

ಆದ್ದರಿಂದ ಊರಿನ ಮನೆಯ ವಿಚಾರದಲ್ಲಿ ತೀರ್ಮಾನಿಸುವ ಮುನ್ನ ದಯವಿಟ್ಟು ಮೂರನ್ನು ನೋಡಿರಿ. ಸೂರಿನ ಹೆಂಚು ಒಡೆದಿದೆಯೇ? ಗೋಡೆಯ ಬುಡಕ್ಕೆ ಮಣ್ಣು ಏರಿ ತಳಪಾಯದ ಕಲ್ಲು ಮುಚ್ಚಿಹೋಗಿದೆಯೇ? ಬಚ್ಚಲಿನ ನೀರು ಗೋಡೆಯ ಪಕ್ಕದಲ್ಲಿಯೇ ಇಂಗುತ್ತಿದೆಯೇ? ಇವನ್ನು ಸರಿಪಡಿಸಿ, ಸಿಮೆಂಟು ಬಳಿದಿದ್ದರೆ ತೆಗೆಸಿ, ಒಂದು ಬೇಸಿಗೆ ಗೋಡೆ ಒಣಗಲು ಬಿಟ್ಟು ಸುಣ್ಣದ ಗಾರೆಯನ್ನೋ ಮಣ್ಣಿನ ಸಾರಣೆಯನ್ನೋ ಮಾಡಿಸಿರಿ. ಅನಂತರವೂ ಗೋಡೆ ನಿಲ್ಲದಿದ್ದರೆ ಕೆಡವಿರಿ, ನನ್ನ ಆಕ್ಷೇಪವಿಲ್ಲ.

ಗಾರೆ ಅರೆಯುವುದನ್ನು ಬಲ್ಲ ಹಿರಿಯರು ನಿಮ್ಮ ಊರಿನಲ್ಲಿದ್ದರೆ, ಅವರ ಬಳಿ ಕುಳಿತು ಪಾಕದ ಪ್ರಮಾಣವನ್ನು ಬರೆದುಕೊಳ್ಳಿ. ನನಗೂ ಒಂದು ಪ್ರತಿ ಕಳುಹಿಸಿಕೊಡಿ.