ಸೇವೆಗೆ ಹೋದವರು, ಸೇವೆಗೆ ಸಿಕ್ಕವರು

ಕಾಲೇಜು ಓದುವಾಗಲೋ ಓದಿ ಮುಗಿಸಿದ ಮೇಲೋ ಪರದೇಶಕ್ಕೆ ಹೋಗಿ ಒಂದೆರಡು ವರ್ಷ ಸೇವೆ ಮಾಡಿ ಬರುವುದು ದೊಡ್ಡ ತ್ಯಾಗ ಅಂತ ಹೇಳುವವರಿದ್ದಾರೆ. ಇರಬಹುದು. ಆದರೆ ಕೇರಿಯಲ್ಲಿ ಹುಟ್ಟಿದ ನಾವು ಈ ಚರಿತ್ರೆಯನ್ನು ಇನ್ನೊಂದು ಕಡೆಯಿಂದ ನೋಡಬೇಕಾಗಿದೆ. ಯಾಕೆಂದರೆ ಸೇವೆ ಮಾಡಿಸಿಕೊಳ್ಳಬೇಕಾದವರ ಪಟ್ಟಿಯಲ್ಲೇ ನಮ್ಮನ್ನು ಯಾವಾಗಲೂ ಬರೆದಿಟ್ಟಿದ್ದಾರೆ.

1960ರ ಅಕ್ಟೋಬರ್ 14ರ ಬೆಳಗಿನ ಜಾವ ಎರಡು ಗಂಟೆಗೆ ಜಾನ್ ಕೆನಡಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮುಂದೆ ನಿಂತರು. ಡಾಕ್ಟರಾಗಲಿರುವ ನಿಮ್ಮಲ್ಲಿ ಎಷ್ಟು ಜನ ಘಾನಾಕ್ಕೆ ಹೋಗಿ ದುಡಿಯಲು ತಯಾರಿದ್ದೀರಿ ಎಂದು ಕೇಳಿದರು. ಅವರು ಅಧ್ಯಕ್ಷರಾದ ಮೇಲೆ, 1961ರ ಮಾರ್ಚ್ 1ರಂದು ಪೀಸ್ ಕೋರ್ ಹುಟ್ಟಿತು. ಅದೇ ಆಗಸ್ಟಿನಲ್ಲಿ ಮೊದಲ ತಂಡ ಪಾಠ ಹೇಳಲು ಘಾನಾಕ್ಕೆ ಇಳಿಯಿತು. ಹುಡುಗರ ಮನಸ್ಸು ಒಳ್ಳೆಯದೇ. ಆದರೆ ಹೊಸದಾಗಿ ಬಿಡುಗಡೆಯಾದ ಬಡ ದೇಶಗಳು ರಷ್ಯಾದ ಕಡೆ ವಾಲಬಾರದೆಂಬ ಲೆಕ್ಕಾಚಾರವೂ ಅವರ ಜೊತೆಯಲ್ಲೇ ಪ್ರಯಾಣ ಮಾಡಿತು.

ನಮ್ಮ ದೇಶಕ್ಕೂ 1961ರಿಂದ 1976ರವರೆಗೆ ಅವರು ಬಂದರು. ಕೋಳಿ ಸಾಕಣೆ, ಬೇಸಾಯ, ರೋಗಿಗಳ ಆರೈಕೆಯಲ್ಲಿ ದುಡಿದರು. ಕೋಳಿ ಸಾಕೋದನ್ನ ಹೇಳಿಕೊಡಬಹುದು, ಸರಿ. ಗೂಡು ಕಟ್ಟೋಕೆ ಅಂಗೈಯಗಲ ಜಾಗ ಇಲ್ಲದವನಿಗೆ ಏನು ಹೇಳೋದು? ಈ ಭೂಮಿ ಯಾರದ್ದು ಅಂತ ಕೇಳುವ ಹಕ್ಕು ಅತಿಥಿಯಾಗಿ ಬಂದವರಿಗೆ ಇರಲಿಲ್ಲ.

ಈ ಮಾತನ್ನು ಇವಾನ್ ಇಲಿಚ್ 1968ರಲ್ಲಿ ಮೆಕ್ಸಿಕೋದಲ್ಲಿ, ಸೇವೆಗೆ ಹೊರಟಿದ್ದ ವಿದ್ಯಾರ್ಥಿಗಳ ಎದುರಿಗೇ ಆಡಿದರು. ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಅವರ ವಾದದ ತಿರುಳು.

ಕೆಲವರು ನಿಜವಾಗಿಯೂ ಕಲಿತರು. ಬಡ ದೇಶಗಳಿಂದ ಮರಳಿದ ಸ್ವಯಂಸೇವಕರ ಗುಂಪೊಂದು 1970ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ಪೀಸ್ ಕೋರ್ ಕಚೇರಿಯೊಳಗೇ ಧರಣಿ ಕೂತಿತು. ತಮ್ಮ ಸರ್ಕಾರ ಕಾಂಬೋಡಿಯಾಕ್ಕೆ ಸೈನ್ಯ ನುಗ್ಗಿಸಿದ್ದನ್ನು ಪ್ರತಿಭಟಿಸಿತು. ಪರದೇಶ ಸುತ್ತಿದ ಕಣ್ಣಿಗೆ ಸ್ವಂತ ಮನೆಯ ಕೊಳೆ ಕಂಡಿತ್ತು. ಸಮುದ್ರ ದಾಟಿದ್ದಕ್ಕೆ ಇದಕ್ಕಿಂತ ದೊಡ್ಡ ಫಲ ಇಲ್ಲ.

ಈ ಫಲ ನಮಗೆ ಹೊಸದೇನಲ್ಲ. 1913ರಲ್ಲಿ ಬಾಬಾಸಾಹೇಬರು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಓದಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿತ್ತು. 1916ರಲ್ಲಿ ಅಲ್ಲಿಯೇ ಭಾರತದ ಜಾತಿಗಳ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. 1917ರಲ್ಲಿ ಸೇವೆಗೆಂದು ಬರೋಡಾಕ್ಕೆ ಬಂದವರಿಗೆ ಇರಲು ಒಂದು ಮನೆ ಸಿಗಲಿಲ್ಲ. ಜಾತಿ ಗೊತ್ತಾದ ಮೇಲೆ, ತಂಗಿದ್ದ ಪಾರ್ಸಿ ವಸತಿಗೃಹಕ್ಕೂ ದೊಣ್ಣೆ ಹಿಡಿದವರು ನುಗ್ಗಿ ಹೊರಹಾಕಿದರು. ಸೇವೆ ಮಾಡಲು ಬಂದವನನ್ನೂ ಜಾತಿ ಒಳಗೆ ಬಿಡಲಿಲ್ಲ.

ಪರಿಶಿಷ್ಟ ಜಾತಿಯ ಮಕ್ಕಳು ಪರದೇಶದಲ್ಲಿ ಓದಲು ಕೇಂದ್ರ ಸರ್ಕಾರ 1954-55ರಲ್ಲಿ ವಿದ್ಯಾರ್ಥಿವೇತನ ಶುರುಮಾಡಿತು. 2022ರಲ್ಲಿ ಅದೇ ಯೋಜನೆಗೆ ಒಂದು ನಿಯಮ ಸೇರಿತು: ಭಾರತದ ಸಂಸ್ಕೃತಿ, ಚರಿತ್ರೆ, ಸಮಾಜವನ್ನು ಕುರಿತ ಸಂಶೋಧನೆಗೆ ಈ ಹಣ ಸಿಗದು. ಅಂದರೆ 1916ರ ಆ ಪ್ರಬಂಧ ಬರೆಯಹೊರಟವನಿಗೆ ಈ ನಿಯಮದಲ್ಲಿ ಜಾಗವಿಲ್ಲ!

ಯಾಕೆ ಈ ಭಯ? ಹೋದವರು ಬರಿ ಡಿಗ್ರಿ ತಂದರೆ ಯಾರಿಗೂ ತೊಂದರೆಯಿಲ್ಲ, ಪ್ರಶ್ನೆ ತಂದರೆ ತೊಂದರೆ. ಗೆಳೆಯರೇ, ನಮ್ಮ ಮಕ್ಕಳು ಸಮುದ್ರ ದಾಟಲಿ. ಓದಲಿ, ದುಡಿಯಲಿ, ಲೋಕದ ಬಡವರ ಜೊತೆ ಕೂತು ಉಣ್ಣಲಿ. ಬರುವಾಗ ಕೇರಿಗೆ ಒಂದು ಪ್ರಶ್ನೆಯನ್ನಾದರೂ ಹೊತ್ತು ತರಲಿ. ಆ ಪ್ರಶ್ನೆ ಕೇಳುವ ಹಕ್ಕಿಗಾಗಿ ಇಲ್ಲಿರುವ ನಾವು ಹೋರಾಡೋಣ.