ಕ್ಲೀವ್ (ಇಂಗ್ಲಿಷ್ ಪದ)

ಕ್ಲೀವ್ ಎಂಬುದು ಇಂಗ್ಲಿಷ್ ಭಾಷೆಯ ಒಂದು ಕ್ರಿಯಾಪದ. ‘ಸೀಳು, ಇಬ್ಭಾಗ ಮಾಡು’ ಎಂಬುದು ಇದರ ಒಂದು ಅರ್ಥ. ‘ಅಂಟಿಕೊಳ್ಳು, ಬಿಡದೆ ಹತ್ತಿಕೊಂಡಿರು’ ಎಂಬುದು ಮತ್ತೊಂದು ಅರ್ಥ. ಕಾಗುಣಿತ ಹಾಗೂ ಉಚ್ಚಾರಣೆಗಳು ಒಂದೇ ಆಗಿದ್ದು ಅರ್ಥಗಳು ಪರಸ್ಪರ ವಿರುದ್ಧವಾಗಿರುವುದರಿಂದ ಈ ಪದವನ್ನು ವಿರುದ್ಧಾರ್ಥಗಳೆರಡನ್ನೂ ಹೊತ್ತ ಪದಗಳಿಗೆ ಪ್ರಸಿದ್ಧ ನಿದರ್ಶನವಾಗಿ ನೀಡಲಾಗುತ್ತದೆ. ಇಂತಹ ಪದಗಳನ್ನು ಇಂಗ್ಲಿಷಿನಲ್ಲಿ ‘ಕಾಂಟ್ರನಿಮ್’ ಎಂದೂ, ಎರಡು ಮುಖಗಳುಳ್ಳ ರೋಮನ್ ದೇವತೆಯ ಹೆಸರಿನಿಂದ ‘ಜೇನಸ್ ಪದ’ ಎಂದೂ ಕರೆಯುತ್ತಾರೆ. ಭೂವಿಜ್ಞಾನ, ಜೀವವಿಜ್ಞಾನ, ರಸಾಯನವಿಜ್ಞಾನ, ರಾಜ್ಯಶಾಸ್ತ್ರ ಮತ್ತು ವ್ಯಾಕರಣಗಳಲ್ಲಿ ಇದರಿಂದ ಹುಟ್ಟಿದ ಪಾರಿಭಾಷಿಕ ಪದಗಳು ಬಳಕೆಯಲ್ಲಿವೆ.

ವ್ಯುತ್ಪತ್ತಿ

ಮೇಲ್ನೋಟಕ್ಕೆ ಒಂದೇ ಪದವು ಎರಡು ಅರ್ಥಗಳನ್ನು ಪಡೆದಂತೆ ಕಂಡರೂ ವಾಸ್ತವವಾಗಿ ಇವು ಎರಡು ಬೇರೆ ಬೇರೆ ಪದಗಳು. ಹಳೆಯ ಇಂಗ್ಲಿಷಿನಲ್ಲಿ ‘ಸೀಳು’ ಎಂಬುದಕ್ಕೆ ‘ಕ್ಲೇಓಫನ್’ ಎಂದೂ ‘ಅಂಟಿಕೊಳ್ಳು’ ಎಂಬುದಕ್ಕೆ ‘ಕ್ಲಿಫಿಯನ್’ ಎಂದೂ ಪ್ರತ್ಯೇಕ ಕ್ರಿಯಾಪದಗಳಿದ್ದವು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಸ್ವರಗಳು ಮಾರ್ಪಟ್ಟು ಎರಡೂ ಒಂದೇ ರೂಪಕ್ಕೆ ಬಂದು ಸೇರಿದವು. ಆದ್ದರಿಂದ ಇವುಗಳನ್ನು ಸಮರೂಪಿ ಪದಗಳೆಂದು ಪರಿಗಣಿಸುವುದು ಸೂಕ್ತ. ನಿಘಂಟುಗಳು ಸಾಮಾನ್ಯವಾಗಿ ಇವನ್ನು ಎರಡು ಪ್ರತ್ಯೇಕ ನಮೂದುಗಳಾಗಿಯೇ ಕೊಡುತ್ತವೆ.

ಸೋದರ ಭಾಷೆಗಳಲ್ಲಿ ಈ ವ್ಯತ್ಯಾಸ ಉಳಿದುಕೊಂಡಿದೆ. ಜರ್ಮನ್ ಭಾಷೆಯಲ್ಲಿ ‘ಕ್ಲೀಬೆನ್’ ಎಂದರೆ ಸೀಳು, ‘ಕ್ಲೇಬೆನ್’ ಎಂದರೆ ಅಂಟು. ಮೊದಲನೆಯದು ಇಂದು ವಿರಳವಾಗಿದ್ದರೂ ಎರಡನೆಯದು ನಿತ್ಯಬಳಕೆಯ ಮಾತು. ಸೀಳುವ ಅರ್ಥದ ಧಾತುವು ‘ಕೆತ್ತು’ ಎಂಬ ಅರ್ಥದ ಗ್ರೀಕ್ ಪದಕ್ಕೆ ಸಂಬಂಧಿಸಿದ್ದು, ಈಜಿಪ್ಟಿನ ಚಿತ್ರಲಿಪಿಯ ಹೆಸರಾದ ‘ಹೈರೋಗ್ಲಿಫ್’ನ ಉತ್ತರಾರ್ಧವು ಅದರಿಂದಲೇ ಬಂದಿದೆ. ಅಂಟುವ ಅರ್ಥದ ಧಾತುವು ಜೇಡಿಮಣ್ಣು ಎಂಬ ಅರ್ಥದ ‘ಕ್ಲೇ’ ಹಾಗೂ ಅಂಟು ಎಂಬ ಅರ್ಥದ ‘ಗ್ಲೂ’ ಪದಗಳ ಬಂಧು.

ರೂಪಗಳು

ಸೀಳುವ ಅರ್ಥದಲ್ಲಿ ಭೂತಕಾಲಕ್ಕೆ ‘ಕ್ಲೋವ್’, ‘ಕ್ಲೆಫ್ಟ್’, ‘ಕ್ಲೀವ್ಡ್’ ಎಂಬ ಮೂರು ರೂಪಗಳಿವೆ. ಅಂಟುವ ಅರ್ಥದಲ್ಲಿ ಇಂದು ‘ಕ್ಲೀವ್ಡ್’ ಮಾತ್ರ ರೂಢಿಯಲ್ಲಿದೆ. ‘ಕ್ಲೇವ್’ ಎಂಬ ಹಳೆಯ ಭೂತಕಾಲ ರೂಪವು ಒಂದು ಕಾಲದಲ್ಲಿ ಎರಡೂ ಅರ್ಥಗಳಿಗೆ ಸಲ್ಲುತ್ತಿತ್ತು. 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಇದಕ್ಕೆ ನಿದರ್ಶನ ದೊರೆಯುತ್ತದೆ: ಆದಿಕಾಂಡದಲ್ಲಿ ಅಬ್ರಹಾಮನು ಹೋಮಕ್ಕಾಗಿ ಕಟ್ಟಿಗೆ ಸೀಳಿದ್ದಕ್ಕೂ, ರೂತಳ ಗ್ರಂಥದಲ್ಲಿ ಸೊಸೆಯು ಅತ್ತೆಯನ್ನು ಬಿಡದೆ ಹತ್ತಿಕೊಂಡದ್ದಕ್ಕೂ ಇದೇ ರೂಪವನ್ನು ಬಳಸಲಾಗಿದೆ. ಪುರುಷನು ತಂದೆತಾಯಿಯರನ್ನು ಬಿಟ್ಟು ಪತ್ನಿಯನ್ನು ಸೇರಿಕೊಳ್ಳುವನೆಂಬ ಆದಿಕಾಂಡದ ಮಾತಿನಲ್ಲಿ ಬರುವ ‘ಕ್ಲೀವ್’ ಅಂಟುವ ಅರ್ಥದ್ದು.

ಸಂಬಂಧಿತ ಪದಗಳು

ಕ್ಲೀವರ್: ಮಾಂಸ ಕಡಿಯುವ ಅಗಲ ಅಲಗಿನ ಮಚ್ಚು.

ಕ್ಲೀವರ್ಸ್: ಕೊಕ್ಕೆಯಂತಹ ರೋಮಗಳಿಂದ ಬಟ್ಟೆಗೂ ಪ್ರಾಣಿಗಳ ಮೈಗೂ ಅಂಟಿಕೊಳ್ಳುವ ಒಂದು ಸಸ್ಯ. ಮಚ್ಚಿನ ಹೆಸರು ಸೀಳುವ ಪದದಿಂದ ಬಂದುದಾದರೆ ಈ ಸಸ್ಯದ ಹೆಸರು ಅಂಟುವ ಪದಕ್ಕೆ ಸಂಬಂಧಿಸಿದ್ದು.

ಕ್ಲೆಫ್ಟ್: ಸೀಳು, ಬಿರುಕು. ವೈದ್ಯಕೀಯದಲ್ಲಿ ಜನ್ಮತಃ ಬರುವ ಸೀಳುತುಟಿ ಮತ್ತು ಸೀಳು ಅಂಗುಳಗಳ ಹೆಸರಿನಲ್ಲಿ ಈ ಪದವಿದೆ.

ಕ್ಲೋವನ್: ಸೀಳಿದ. ಇಂದು ಮುಖ್ಯವಾಗಿ ಹಸು, ಕುರಿ, ಮೇಕೆ, ಜಿಂಕೆ, ಹಂದಿ ಮೊದಲಾದವುಗಳ ಇಬ್ಭಾಗವಾದ ಗೊರಸಿಗೆ ವಿಶೇಷಣವಾಗಿ ಉಳಿದಿದೆ.

ಕ್ಲೋವ್: ಬೆಳ್ಳುಳ್ಳಿಯ ಎಸಳು. ಗಡ್ಡೆಯು ಎಸಳುಗಳಾಗಿ ಬೇರ್ಪಡುವುದರಿಂದ ಈ ಹೆಸರು. ಲವಂಗಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರಿದ್ದರೂ ಅದಕ್ಕೆ ಸೀಳುವ ಅರ್ಥದೊಡನೆ ಸಂಬಂಧವಿಲ್ಲ. ಒಣಗಿದ ಮೊಗ್ಗು ಮೊಳೆಯನ್ನು ಹೋಲುವುದರಿಂದ, ಮೊಳೆ ಎಂಬ ಅರ್ಥದ ಫ್ರೆಂಚ್ ಪದವಾದ ‘ಕ್ಲೂ’ವಿನಿಂದ ಲವಂಗದ ಹೆಸರು ಬಂದಿದೆ.

ಪಾರಿಭಾಷಿಕ ಅರ್ಥಗಳು

‘ಕ್ಲೀವೇಜ್’ ಎಂಬ ನಾಮಪದವು ಸೀಳುವ ಅರ್ಥದಿಂದ ಸಾಧಿತವಾಗಿದ್ದು, ಶಾಸ್ತ್ರದಿಂದ ಶಾಸ್ತ್ರಕ್ಕೆ ಬೇರೆ ಬೇರೆ ಅರ್ಥಗಳನ್ನು ಪಡೆದಿದೆ.

ಖನಿಜವಿಜ್ಞಾನ: ಸ್ಫಟಿಕದಲ್ಲಿ ಪರಮಾಣು ಬಂಧಗಳು ದುರ್ಬಲವಾಗಿರುವ ಸಮತಲಗಳ ಗುಂಟ ಖನಿಜವು ನಯವಾಗಿ ಒಡೆಯುವ ಗುಣ. ಕಾಗೆಬಂಗಾರ ಅಥವಾ ಅಭ್ರಕವು ಒಂದೇ ದಿಕ್ಕಿನಲ್ಲಿ ತೆಳು ಹಾಳೆಗಳಾಗಿ ಬಿಡಿಸಿಕೊಳ್ಳುತ್ತದೆ. ಕಲ್ಲುಪ್ಪು ಮೂರು ದಿಕ್ಕುಗಳಲ್ಲಿ ಒಡೆದು ಘನಾಕೃತಿಯ ತುಣುಕುಗಳಾಗುತ್ತದೆ. ಬೆಣಚುಕಲ್ಲಿನಲ್ಲಿ ಸ್ಪಷ್ಟವಾದ ಸೀಳು ಸಮತಲಗಳಿಲ್ಲ. ವಜ್ರವು ಅತ್ಯಂತ ಕಠಿಣವಾದರೂ ನಾಲ್ಕು ದಿಕ್ಕುಗಳಲ್ಲಿ ಸೀಳಬಲ್ಲದು. 1905ರಲ್ಲಿ ದಕ್ಷಿಣ ಆಫ್ರಿಕದಲ್ಲಿ ದೊರೆತ 3,106 ಕ್ಯಾರಟ್ ತೂಕದ ಕಲಿನನ್ ವಜ್ರವನ್ನು 1908ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜೋಸೆಫ್ ಆಶರ್ ಈ ಗುಣವನ್ನು ಆಧರಿಸಿಯೇ ಸೀಳಿದನು.

ಜೀವವಿಜ್ಞಾನ: ನಿಷೇಚನದ ಬಳಿಕ ಯುಗ್ಮಜವು ಒಟ್ಟು ಗಾತ್ರದಲ್ಲಿ ಬೆಳೆಯದೆ ಮತ್ತೆ ಮತ್ತೆ ವಿಭಜನೆಗೊಂಡು ಸಣ್ಣ ಸಣ್ಣ ಕೋಶಗಳಾಗುವ ಕ್ರಿಯೆ.

ರಸಾಯನವಿಜ್ಞಾನ: ಅಣುವಿನೊಳಗಿನ ಬಂಧವು ಮುರಿಯುವ ಕ್ರಿಯೆ. ಬಂಧದ ಎರಡು ಎಲೆಕ್ಟ್ರಾನುಗಳು ಎರಡೂ ಕಡೆಗೆ ಒಂದೊಂದಾಗಿ ಹಂಚಿಹೋದರೆ ಸಮವಿದಳನ. ಎರಡೂ ಒಂದೇ ಕಡೆಗೆ ಹೋದರೆ ವಿಷಮವಿದಳನ.

ರಾಜ್ಯಶಾಸ್ತ್ರ: ಮತದಾರರನ್ನು ದೀರ್ಘಕಾಲ ಬೇರ್ಪಡಿಸುವ ಸಾಮಾಜಿಕ ಒಡಕು. ಸೀಮೋರ್ ಮಾರ್ಟಿನ್ ಲಿಪ್ಸೆಟ್ ಮತ್ತು ಸ್ಟೈನ್ ರೊಕ್ಕನ್ 1967ರಲ್ಲಿ ಪಶ್ಚಿಮ ಯೂರೋಪಿನ ಪಕ್ಷಗಳನ್ನು ಕುರಿತು ಬರೆಯುತ್ತ ಕೇಂದ್ರ–ಅಂಚು, ರಾಜ್ಯ–ಚರ್ಚು, ಭೂಮಿ–ಉದ್ಯಮ, ಮಾಲೀಕ–ಕಾರ್ಮಿಕ ಎಂಬ ನಾಲ್ಕು ಒಡಕುಗಳನ್ನು ಗುರುತಿಸಿದರು.

ವ್ಯಾಕರಣ: ಒಂದು ವಾಕ್ಯವನ್ನು ಎರಡಾಗಿ ಸೀಳಿ ಅದರ ಒಂದು ಅಂಶಕ್ಕೆ ಒತ್ತು ಕೊಡುವ ರಚನೆಗೆ ‘ಕ್ಲೆಫ್ಟ್ ವಾಕ್ಯ’ ಎನ್ನುತ್ತಾರೆ. ‘ರಾಮನು ಬಂದನು’ ಎಂಬುದನ್ನು ‘ಬಂದವನು ರಾಮನೇ’ ಎನ್ನುವ ಕನ್ನಡದ ರಚನೆಯೂ ಇದೇ ಕೆಲಸವನ್ನು ಮಾಡುತ್ತದೆ.

ಉಡುಪು: 1940ರ ದಶಕದಿಂದ ಈ ಪದವು ತಗ್ಗು ಕತ್ತಿನ ಉಡುಪಿನಲ್ಲಿ ಕಾಣುವ ಸ್ತನಮಧ್ಯ ಭಾಗಕ್ಕೂ ರೂಢಿಯಾಗಿದೆ. ಜನಸಾಮಾನ್ಯರ ಇಂಗ್ಲಿಷಿನಲ್ಲಿ ಇಂದು ಇದೇ ಹೆಚ್ಚು ಪರಿಚಿತವಾದ ಅರ್ಥ.

ಅರ್ಥನಿರ್ಣಯ

ವಾಕ್ಯರಚನೆಯಿಂದ ಅರ್ಥವನ್ನು ಬಹುಮಟ್ಟಿಗೆ ನಿರ್ಣಯಿಸಬಹುದು. ಸೀಳುವ ಅರ್ಥದ ಪದವು ಸಾಮಾನ್ಯವಾಗಿ ಸಕರ್ಮಕ; ಅದರ ಮುಂದೆ ನೇರವಾಗಿ ಕರ್ಮಪದ ಬರುತ್ತದೆ. ಅಂಟುವ ಅರ್ಥದ ಪದವು ಅಕರ್ಮಕ. ಅದರ ಮುಂದೆ ‘ಟು’ ಅಥವಾ ಹಳೆಯ ಗ್ರಂಥಗಳಲ್ಲಿ ‘ಅನ್‌ಟು’ ಬರುತ್ತದೆ. ‘ಥ್ರೂ’ ಬಂದಲ್ಲಿ, ಉದಾಹರಣೆಗೆ ಹಡಗು ನೀರನ್ನು ಸೀಳಿಕೊಂಡು ಸಾಗಿತು ಎನ್ನುವಲ್ಲಿ, ಅರ್ಥವು ಸೀಳುವುದೇ ಆಗಿರುತ್ತದೆ.

ಭಾಷಾಂತರದಲ್ಲಿ

ಕನ್ನಡದಲ್ಲಿ ಈ ಎರಡು ಅರ್ಥಗಳಿಗೂ ಸಲ್ಲುವ ಒಂದೇ ಪದವಿಲ್ಲ. ಆದ್ದರಿಂದ ಭಾಷಾಂತರಕಾರನು ಒಂದನ್ನು ಆರಿಸಲೇಬೇಕಾಗುತ್ತದೆ. ನಿಘಂಟಿನ ಮೊದಲ ಅರ್ಥವನ್ನೇ ಆತುರದಿಂದ ತೆಗೆದುಕೊಂಡರೆ ‘ತನ್ನ ತತ್ತ್ವಕ್ಕೆ ಅಂಟಿಕೊಂಡನು’ ಎಂಬ ಮಾತು ‘ತನ್ನ ತತ್ತ್ವವನ್ನು ಒಡೆದನು’ ಎಂದಾಗಿ, ನಿಷ್ಠನಾದವನು ದ್ರೋಹಿಯಾಗಿ ಚಿತ್ರಿತನಾಗುವ ಅಪಾಯವಿದೆ. ಇಂತಹ ಪದಗಳು ಭಾರತೀಯ ಭಾಷೆಗಳಿಗೂ ಹೊಸತಲ್ಲ. ಸಂಸ್ಕೃತದ ‘ಆರಾತ್’ ಎಂಬ ಅವ್ಯಯಕ್ಕೆ ದೂರ, ಸಮೀಪ ಎಂಬ ಎರಡೂ ಅರ್ಥಗಳನ್ನು ಅಮರಕೋಶವು ಹೇಳಿದೆ. ಅಲ್ಲಿಯೂ ಅರ್ಥವನ್ನು ಸಂದರ್ಭವೇ ನಿರ್ಧರಿಸುತ್ತದೆ.